ವಾಲಿವಧೆಯ ರಂಗಪ್ರಯೋಗಗಳು

೧

ಮೂಲಕಥೆಯಲ್ಲಿ ನಾಯಕನ ಶೀಲಕ್ಕಾಗಲಿ ರಸಕ್ಕಾಗಲಿ ಒಪ್ಪದ ಅಂಶವೊಂದಿದ್ದರೆ ನಾಟಕಕಾರನು ಅದನ್ನು ಕೈಬಿಡಬೇಕು, ಇಲ್ಲವೆ ಬೇರೊಂದು ಬಗೆಯಾಗಿ ಕಲ್ಪಿಸಿಕೊಳ್ಳಬೇಕು ಎಂದು ಹತ್ತನೆಯ ಶತಮಾನದ ಲಾಕ್ಷಣಿಕನಾದ ಧನಂಜಯನು ದಶರೂಪಕದಲ್ಲಿ ವಿಧಿಸಿರುವನು. ಈ ವಿಧಿಗೆ ಲಕ್ಷ್ಯವನ್ನು ಕೊಡುವಾಗ ವ್ಯಾಖ್ಯಾತೃವಾದ ಧನಿಕನು ಎತ್ತಿಕೊಂಡಿರುವುದು ವಾಲಿವಧೆಯನ್ನೇ. ಮಾಯುರಾಜನೆಂಬ ಕವಿಯು ತನ್ನ ಉದಾತ್ತರಾಘವದಲ್ಲಿ ಮರೆಯಲ್ಲಿ ನಿಂತು ವಾಲಿಯನ್ನು ಕೊಂದ ಸಂಗತಿಯನ್ನು ಬಿಟ್ಟೇಬಿಟ್ಟನು. ಭವಭೂತಿಯಾದರೋ ಮಹಾವೀರಚರಿತದಲ್ಲಿ ರಾವಣನ ಮೇಲಣ ಸ್ನೇಹದಿಂದ ವಾಲಿಯೇ ರಾಮನನ್ನು ಕೊಲ್ಲಲು ಬಂದು ಇದಿರುಯುದ್ಧದಲ್ಲಿ ಹತನಾದಂತೆ ಕಥೆಯನ್ನು ತಿರುಗಿಸಿದನು. ಹೀಗೆ ಬಿಡುವುದು, ತಿರುಗಿಸುವುದು ಎಂಬ ಎರಡು ಮಾರ್ಗಗಳನ್ನು ಶಾಸ್ತ್ರವು ಅಂಗೀಕರಿಸಿರುವುದು. ಆದರೆ ಶಾಸ್ತ್ರವು ಹೆಸರಿಸದ ಮೂರನೆಯ ಮಾರ್ಗವೂ ಒಂದುಂಟು. ಅದಾವುದೆಂದರೆ, ಆ ದೋಷವನ್ನು ಮುಚ್ಚದೆ, ಬಾಣ ತಗುಲಿದವನ ಬಾಯಿಂದಲೇ ಪ್ರಶ್ನೆಯನ್ನು ಹೊರಡಿಸಿ, ಸಭೆಯ ಮುಂದಿಡುವುದು. ಆದಿಕವಿಯು ಹಿಡಿದುದು ಈ ಮಾರ್ಗವನ್ನೇ. ಅಭಿಷೇಕನಾಟಕವೂ ಅದನ್ನೇ ಹಿಡಿದಿದೆ.

ಈ ಒಂದು ಸನ್ನಿವೇಶವು ಸಂಸ್ಕೃತರಂಗದಲ್ಲಿ, ತಾಳಮದ್ದಳೆಯಲ್ಲಿ, ತೊಗಲುಗೊಂಬೆಯಾಟದಲ್ಲಿ, ಕಡೆಗೆ ತೆರೆಯ ಮೇಲೆ ಹೇಗೆ ಹೇಗೆ ರೂಪುಗೊಂಡಿದೆಯೆಂಬುದನ್ನು ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ. ಹೋಲಿಕೆಗೆ ಒಂದು ಅಳತೆಗೋಲು ಬೇಕಷ್ಟೆ. ಬಾಣವು ನಟ್ಟ ಮೇಲೆ ವಾಲಿಯ ಪ್ರಾಣವು ಹೋಗುವವರೆಗಿನ ಅವಧಿಯನ್ನು ಪ್ರಯೋಗಕಾರನು ಹೇಗೆ ಬಳಸಿಕೊಂಡಿರುವನೆಂಬುದೇ ಆ ಅಳತೆಗೋಲು. ವಾಲಿವಧೆಯ ಸಾರವು ದ್ವಂದ್ವಯುದ್ಧದಲ್ಲಿಲ್ಲ, ಬಾಣದಲ್ಲಿಯೂ ಇಲ್ಲ; ಅದು ಬಾಣಕ್ಕೂ ಮರಣಕ್ಕೂ ನಡುವೆ ಇರುವ ಮಾತಿನಲ್ಲಿದೆ.

೨

ಈ ವಿಚಾರವನ್ನು ಕೊಪ್ಪಳದ ಸೀಮೆಯಿಂದ ಆರಂಭಿಸುವುದಕ್ಕೆ ಕಾರಣವುಂಟು. ಕಿಷ್ಕಿಂಧೆಯೆಂದು ಲೋಕವು ನಂಬಿರುವ ಪ್ರದೇಶವು ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಮುತ್ತ ತುಂಗಭದ್ರೆಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿದೆ. ೧೯೪೮ರ ವರೆಗೆ ಉತ್ತರದ ದಡವು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆಗ ದಕ್ಷಿಣದ ದಡವು ಮದರಾಸಿನ ಆಡಳಿತದಲ್ಲಿತ್ತು. ಈಗ ಉತ್ತರದ್ದು ೧೯೯೭ರಲ್ಲಿ ಏರ್ಪಟ್ಟ ಕೊಪ್ಪಳ ಜಿಲ್ಲೆಗೂ ದಕ್ಷಿಣದ್ದು ೨೦೨೧ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಗೂ ಸೇರಿವೆ. ಆಡಳಿತದ ಗಡಿಗಳು ಬದಲಾದರೂ ಕಥೆಯ ಗಡಿಯು ಬದಲಾಗಿಲ್ಲ.

ಉತ್ತರದ ದಡದಲ್ಲಿ ಪಂಪಾಸರೋವರ, ಅಂಜನಾದ್ರಿ, ವಾಲಿಯ ಕೋಟೆ, ವಾಲಿಯ ಗುಹೆ ಎಂಬ ಹೆಸರುಗಳು ಉಳಿದುಬಂದಿವೆ. ದಕ್ಷಿಣದ ದಡದಲ್ಲಿ ಸುಗ್ರೀವನಿಗೆ ಪಟ್ಟಕಟ್ಟಿದ ಸ್ಥಳವೆಂದು ಹೇಳುವ ಕೋದಂಡರಾಮನ ಗುಡಿ, ಸೀತೆಯ ಒಡವೆಗಳನ್ನು ಇರಿಸಿದನೆಂಬ ಸುಗ್ರೀವನ ಗುಹೆ, ರಾಮಲಕ್ಷ್ಮಣರು ಮಳೆಗಾಲವನ್ನು ಕಳೆದರೆಂಬ ಮಾಲ್ಯವಂತ, ಶಾಪಭಯದಿಂದ ವಾಲಿಯು ಕಾಲಿಡದೆ ಇದ್ದ ಮತಂಗಪರ್ವತ ಇವೆಲ್ಲ ಇವೆ. ಇವುಗಳಿಗೆ ಸಮೀಪದಲ್ಲಿಯೇ ನಿಂಬಾಪುರದ ಬಳಿ ಕಿಟ್ಟದಂತಹ ಬೂದಿಯ ದಿಬ್ಬವೊಂದಿದೆ. ವಾಲಿಯ ದೇಹವನ್ನು ದಹಿಸಿದ ಬೂದಿಯೇ ಅದು ಎಂದು ಜನರು ಹೇಳುವರು. ಈ ಸೀಮೆಯ ಬೇರೆ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳವೆಂದು ಪ್ರಾಕ್ತನಶಾಸ್ತ್ರಜ್ಞರು ನಿರ್ಣಯಿಸಿರುವರು. ಚರಿತ್ರೆಯ ದೃಷ್ಟಿಯಿಂದ ಆ ದಿಬ್ಬವು ಏನೇ ಆಗಿರಲಿ, ಇಲ್ಲಿ ಮುಖ್ಯವಾದುದು ಜನರ ನೆನಪು. ಗೆದ್ದ ಸುಗ್ರೀವನಿಗೆ ಇರುವಂತೆಯೇ ಸೋತ ವಾಲಿಗೂ ಕೋಟೆ, ಗುಹೆ, ಚಿತಾಭಸ್ಮಗಳನ್ನು ಕಲ್ಪಿಸಿಕೊಟ್ಟು ಎರಡು ಪಕ್ಷಗಳನ್ನೂ ಈ ನೆಲವು ಕಾಪಾಡಿಕೊಂಡಿದೆ.

ಇದಕ್ಕೆ ಪಡುವಲಲ್ಲಿ, ಅನತಿದೂರದಲ್ಲಿಯೇ ಇರುವ ಕೊಪ್ಪಳದಲ್ಲಿ ಇನ್ನೊಂದು ವಾಲಿಕಥೆಗೆ ನೆಲೆಯಿದೆ. ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಗಳಲ್ಲಿ ಒಂದಾಗಿ ಹೇಳಿರುವ ಕೊಪಣನಗರವು ಜೈನರಿಗೆ ಮಹಾತೀರ್ಥವಾಗಿತ್ತು. ರನ್ನನು ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ಶೀಲದ ಪಾವಿತ್ರ್ಯಕ್ಕೆ ಕೊಪಣಾಚಲವನ್ನು ಉಪಮಾನವಾಗಿ ತಂದಿರುವನು. ಇಂತಹ ಜೈನಕ್ಷೇತ್ರಗಳಲ್ಲಿ ಓದಿದ ರಾಮಕಥೆಯಾದರೋ ವಿಮಲಸೂರಿ ರವಿಷೇಣರ ಪರಂಪರೆಯದು. ಕನ್ನಡದಲ್ಲಿ ನಾಗಚಂದ್ರನ ರಾಮಚಂದ್ರಚರಿತಪುರಾಣವು ಆ ಪರಂಪರೆಗೆ ಸೇರಿದೆ. ಆ ಸಂಪ್ರದಾಯದಲ್ಲಿ ವಾಲಿಯು ರಾವಣನಿಗೆ ತಲೆಬಾಗಲೊಲ್ಲದೆ ರಾಜ್ಯವನ್ನು ತಮ್ಮನಿಗೆ ಒಪ್ಪಿಸಿ ದೀಕ್ಷೆಗೊಳ್ಳುವನು. ಮುಂದೆ ರಾಮನು ಕೊಲ್ಲುವುದು ಸುಗ್ರೀವನ ವೇಷವನ್ನು ಧರಿಸಿ ಅವನ ಅಂತಃಪುರವನ್ನು ಅಪಹರಿಸಲು ಬಂದ ಸಾಹಸಗತಿಯೆಂಬ ವಿದ್ಯಾಧರನನ್ನು. ಹೀಗಾಗಿ ರಾಮನಿಗೆ ಕಳಂಕವಿಲ್ಲ, ವಾಲಿಗೆ ವಧೆಯಿಲ್ಲ. ಧನಂಜಯನು ಹೇಳಿದ ಎರಡು ಉಪಾಯಗಳೂ ಇಲ್ಲಿ ಒಂದಾಗಿವೆ: ಅನುಚಿತವಾದುದು ಬಿಟ್ಟುಹೋಯಿತು, ಉಳಿದುದು ಬೇರೆ ಬಗೆಯಾಗಿ ಕಲ್ಪಿತವಾಯಿತು. ಸಲ್ಲೇಖನದ ಬಂಡೆಗಳ ನಡುವೆ ಮುನಿಯಾಗಿ ನಿಂತ ವಾಲಿಯೊಬ್ಬನು. ಆನೆಗೊಂದಿಯ ಬಂಡೆಗಳ ನಡುವೆ ಬಾಣ ತಗುಲಿ ಬಿದ್ದ ವಾಲಿ ಇನ್ನೊಬ್ಬನು. ಇಬ್ಬರೂ ಒಂದೇ ಜಿಲ್ಲೆಯಲ್ಲಿರುವರೆಂಬುದು ಗಮನಾರ್ಹವಾದ ಸಂಗತಿ.

೩

ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಈ ಪ್ರಕರಣದ ಹಂಚಿಕೆಯನ್ನು ನೋಡಬೇಕು. ಪ್ರಚಲಿತಪಾಠದಂತೆ ಮೊದಲನೆಯ ಸಲ ಸುಗ್ರೀವನು ಕಾದಿದಾಗ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಹೋಲುತ್ತಿದ್ದುದರಿಂದ ರಾಮನು ಬಾಣವನ್ನು ಬಿಡಲಿಲ್ಲ. ಆಮೇಲೆ ಲಕ್ಷ್ಮಣನು ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಗುರುತಾಗಿ ಹಾಕುವನು. ತಾರೆಯ ಎಚ್ಚರಿಕೆಯ ಮಾತು ಹದಿನೈದನೆಯ ಸರ್ಗದಲ್ಲಿ ಬರುವುದು. ಯುದ್ಧವೂ ವಾಲಿಯ ಪತನವೂ ಹದಿನಾರನೆಯದರಲ್ಲಿ ಮುಗಿದುಹೋಗುವುವು. ಅದಾದ ಮೇಲೆ ವಾಲಿಯ ಆಕ್ಷೇಪಕ್ಕೆ ಒಂದು ಸರ್ಗವೂ ರಾಮನ ಸಮಾಧಾನಕ್ಕೆ ಇನ್ನೊಂದು ಸರ್ಗವೂ ಮೀಸಲಾಗಿವೆ. ತಾರೆಯ ಶೋಕವೂ ವಾಲಿಯ ಅಂತ್ಯವಚನವೂ ಮುಂದೆ ಹಲವು ಸರ್ಗಗಳವರೆಗೆ ಸಾಗುವುವು. ಯುದ್ಧಕ್ಕಿಂತ ಮಾತಿಗೇ ಕವಿಯು ಹೆಚ್ಚಿನ ಅವಕಾಶವನ್ನು ಕೊಟ್ಟಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ವಾಲಿಯ ಆಕ್ಷೇಪದ ಸಾರಾಂಶವಿದು: ನಿನ್ನೊಡನೆ ನನಗೆ ವೈರವಿರಲಿಲ್ಲ, ನಾನು ಮತ್ತೊಬ್ಬನೊಡನೆ ಕಾದುತ್ತಿದ್ದೆನು, ನನ್ನ ಚರ್ಮವು ಉಡಲಿಕ್ಕೆ ಬಾರದು, ಮಾಂಸವು ತಿನ್ನಲಿಕ್ಕೆ ಬಾರದು, ಸೀತೆಗಾಗಿಯಾದರೆ ನನ್ನನ್ನೇ ಕೇಳಬಹುದಾಗಿತ್ತು. ರಾಮನ ಉತ್ತರಕ್ಕೆ ಮೂರು ಆಧಾರಗಳು. ಈ ಭೂಮಿಯು ಇಕ್ಷ್ವಾಕುಗಳದಾದ್ದರಿಂದ ಭರತನ ಪರವಾಗಿ ದಂಡಿಸುವ ಅಧಿಕಾರವು ತನಗುಂಟು ಎಂಬುದು ಒಂದು. ತಮ್ಮನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡುದು ವಧಾರ್ಹವಾದ ಪಾಪ ಎಂಬುದು ಎರಡನೆಯದು. ಮೃಗವನ್ನು ಬೇಟೆಯಾಡುವವನು ಮರೆಯಿಂದ ಹೊಡೆದರೆ ದೋಷವಿಲ್ಲ ಎಂಬುದು ಮೂರನೆಯದು. ಈ ಮೂರರಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಪರಸ್ಪರ ವಿರೋಧವಿದೆಯೆಂಬುದನ್ನು ವ್ಯಾಖ್ಯಾತೃಗಳು ಬಿಡಿಸಲು ಶ್ರಮಿಸಿರುವರು. ವಾಲಿಯು ಮೃಗವಾದರೆ ಅವನಿಗೆ ದಾರಾಪಹರಣದ ಪಾಪವೆಲ್ಲಿಯದು? ಪಾಪಕ್ಕೆ ಗುರಿಯಾಗುವ ಧರ್ಮಜ್ಞನಾದರೆ ಅವನು ಮೃಗವೆಂತು? ಈ ಗಂಟನ್ನು ರಂಗದ ಮೇಲೆ ಬಿಡಿಸುವ ಹೊಣೆಯು ನಟನ ಪಾಲಿಗೆ ಬಂದಿದೆ.

೪

ಟಿ. ಗಣಪತಿಶಾಸ್ತ್ರಿಗಳು ತಿರುವನಂತಪುರದ ಗ್ರಂಥಮಾಲೆಯಲ್ಲಿ ೧೯೧೨ರಿಂದ ಮೊದಲ್ಗೊಂಡು ಭಾಸನ ಹೆಸರಿನಲ್ಲಿ ಪ್ರಕಟಿಸಿದ ಹದಿಮೂರು ರೂಪಕಗಳಲ್ಲಿ ಅಭಿಷೇಕನಾಟಕವೂ ಒಂದು. ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಮೊದಲನೆಯ ಅಂಕದ ರಚನಾಕೌಶಲವನ್ನು ಒಪ್ಪದವರಿಲ್ಲ. ಯುದ್ಧ, ಮರಣ ಮೊದಲಾದುವನ್ನು ಪ್ರತ್ಯಕ್ಷವಾಗಿ ತೋರಿಸಬಾರದೆಂಬ ಭರತನ ವಿಧಿಯನ್ನು ಈ ಕವಿಯು ಮೀರಿರುವನು. ವಾಲಿಯು ರಂಗದ ಮೇಲೆಯೇ ಕಾದುವನು, ರಂಗದ ಮೇಲೆಯೇ ಬೀಳುವನು, ರಂಗದ ಮೇಲೆಯೇ ಸಾಯುವನು. ಗುರುತು ಸಿಕ್ಕದೆ ಹೋದ ಮೊದಲನೆಯ ಯುದ್ಧವನ್ನೂ ಹೂಮಾಲೆಯನ್ನೂ ಕವಿಯು ಬಿಟ್ಟಿರುವನು. ಅವು ಕುತೂಹಲವನ್ನು ಕೆರಳಿಸತಕ್ಕವು. ಇವನಿಗೆ ಬೇಕಾದುದು ಅದಲ್ಲ.

ಬಾಣದ ಮೇಲಿನ ಅಕ್ಷರಗಳನ್ನು ಓದಿ ವಾಲಿಯು ಹೊಡೆದವನಾರೆಂಬುದನ್ನು ಅರಿಯುವನು. ತಮಿಳಿನ ಕಂಬನೂ ಇದೇ ಕಲ್ಪನೆಯನ್ನು ಹೃದಯಂಗಮವಾಗಿ ಬೆಳೆಸಿರುವನು. ಬಳಿಕ ವಾದವು ಆರಂಭವಾಗುವುದು. ಇಲ್ಲಿ ವಾಲಿಯು ಕೇಳುವ ಪ್ರಶ್ನೆಯು ಮೂಲದಲ್ಲಿರುವುದಕ್ಕಿಂತ ಹರಿತವಾದುದು. ಅಣ್ಣನಾದ ತನ್ನ ಪತ್ನಿಯನ್ನು ಸುಗ್ರೀವನೂ ಸೇರಿದವನೇ ಆಗಿರಲು, ಅದೇ ಅಪರಾಧಕ್ಕೆ ತನಗೊಬ್ಬನಿಗೆ ಮಾತ್ರ ಏಕೆ ದಂಡನೆ ಎಂದು ಅವನು ಕೇಳುವನು. ಜ್ಯೇಷ್ಠನು ಕನಿಷ್ಠನ ಪತ್ನಿಯನ್ನು ಎಂದಿಗೂ ಮುಟ್ಟಲಾಗದೆಂದು ರಾಮನು ನುಡಿಯಲು, ತನಗೆ ಉತ್ತರವಿಲ್ಲವೆಂದು ವಾಲಿಯು ಒಪ್ಪಿಕೊಳ್ಳುವನು. ಒಪ್ಪಿದವನು ವಾಲಿ, ಸಭಾಸದರು ಒಪ್ಪಿದರೆಂದು ಕವಿಯು ಎಲ್ಲಿಯೂ ಹೇಳಲಿಲ್ಲ. ಬಳಿಕ ವಾಲಿಯು ಸ್ತ್ರೀಯರು ತನ್ನನ್ನು ಈ ಸ್ಥಿತಿಯಲ್ಲಿ ನೋಡಕೂಡದೆಂದು ತಡೆದು, ಅಂಗದನನ್ನು ಒಪ್ಪಿಸಿ, ಕುಲಕ್ರಮದಿಂದ ಬಂದ ಹೊನ್ನಿನ ಮಾಲೆಯನ್ನು ತಮ್ಮನಿಗೇ ಕೊಟ್ಟು, ನೀರನ್ನು ಆಚಮಿಸುವನು. ಗಂಗೆ ಮೊದಲಾದ ಮಹಾನದಿಗಳೂ ಊರ್ವಶಿ ಮೊದಲಾದ ಅಪ್ಸರೆಯರೂ ಸಾವಿರ ಹಂಸಗಳ ವಿಮಾನವೂ ಅವನ ಕಣ್ಣಿಗೆ ಕಾಣುವುವು. ಹೀಗೆ ಅಂಕವು ಮುಗಿಯುವುದು.

ಇನ್ನೊಂದು ಸೂಕ್ಷ್ಮವನ್ನು ಅಧ್ಯಾಪಕರು ಗಮನಿಸಬೇಕು. ಈ ಅಂಕದಲ್ಲಿ ತಾರೆಯ ಭಾಷೆ ಪ್ರಾಕೃತ. ವಾಲಿಯ ಭಾಷೆ ಸಂಸ್ಕೃತ. ರೂಪಕದಲ್ಲಿ ಭಾಷೆಯೇ ಪಾತ್ರದ ಅಂತಸ್ತನ್ನು ಸೂಚಿಸುವುದಾದ್ದರಿಂದ, ನೀನು ಮೃಗವೆಂದು ರಾಮನು ಹೇಳುವ ಮಾತನ್ನು ವಾಲಿಯ ಸಂಸ್ಕೃತವೇ ನಿಂತ ನಿಲುವಿನಲ್ಲಿ ಖಂಡಿಸುವುದು. ಪ್ರತ್ಯೇಕವಾದ ಯುಕ್ತಿಯನ್ನು ಕವಿಯು ಹುಡುಕಬೇಕಾಗಲಿಲ್ಲ.

ಈ ಅಂಕವು ಕೇರಳದ ಕೂಡಿಯಾಟದಲ್ಲಿ ಬಾಲಿವಧವೆಂಬ ಹೆಸರಿನಿಂದ ಪ್ರತ್ಯೇಕವಾಗಿ ಪ್ರಯೋಗಗೊಳ್ಳುತ್ತ ಬಂದಿದೆ. ಇರಿಞಾಲಕ್ಕುಡದ ಅಮ್ಮನ್ನೂರು ಮಾಧವ ಚಾಕ್ಯಾರರು (೧೯೧೭–೨೦೦೮) ವಾಲಿಯ ಮರಣದ ಅಭಿನಯಕ್ಕಾಗಿ ಪ್ರಖ್ಯಾತರಾಗಿದ್ದರು. ಮಾತು ನಿಂತ ಬಳಿಕ ಉಸಿರಿನ ಗತಿಯನ್ನು ಕ್ರಮಕ್ರಮವಾಗಿ ಕುಗ್ಗಿಸುತ್ತ, ಕಣ್ಣಿನ ಬೆಳಕನ್ನು ನಂದಿಸುತ್ತ, ಗ್ರಂಥದಲ್ಲಿ ಒಂದೇ ಪದದಿಂದ ಸೂಚಿತವಾದ ಸ್ವರ್ಗಗಮನವನ್ನು ಅವರು ದೀರ್ಘಕಾಲದ ಅಭಿನಯವನ್ನಾಗಿ ವಿಸ್ತರಿಸುತ್ತಿದ್ದರು. ಆ ಹೊತ್ತಿನಲ್ಲಿ ಸಭೆಗೆ ಬೇರೆ ಕೆಲಸವಿಲ್ಲ. ಕೇಳಿದ ಪ್ರಶ್ನೆಯನ್ನು ಮನಸ್ಸಿನಲ್ಲಿ ಮತ್ತೆ ಕೇಳಿಕೊಳ್ಳುವುದೊಂದೇ ಕೆಲಸ.

೫

ಕನ್ನಡ ನಾಡಿನಲ್ಲಿ ಈ ಸನ್ನಿವೇಶಕ್ಕೆ ದೊರೆತ ಪ್ರಬಲವಾದ ಪ್ರಯೋಗವು ಕಾಸರಗೋಡಿನ ಸೀಮೆಯದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ವಾಲಿಸುಗ್ರೀವರ ಕಥೆಯು ಬರುವುದು. ತೆಲುಗಿನಲ್ಲಿ ಉಪಲಬ್ಧವಾದ ಅತಿಪ್ರಾಚೀನ ಯಕ್ಷಗಾನವೆಂದು ಎಣಿಸುವ ಕಂದುಕೂರಿ ರುದ್ರಕವಿಯ ಸುಗ್ರೀವವಿಜಯಮು ಎಂಬ ಹದಿನಾರನೆಯ ಶತಮಾನದ ಕೃತಿಯ ವಸ್ತುವೂ ಇದೇ. ದೇಶೀಯ ರಂಗಭೂಮಿಯು ಕಣ್ತೆರೆದಾಗಲೇ ಈ ಕಥೆಯನ್ನು ಹಿಡಿದುದು ಆಕಸ್ಮಿಕವಲ್ಲ. ಇದರಲ್ಲಿ ವಾದವಿದೆ; ವಾದಕ್ಕೆ ನ್ಯಾಯವಾದ ಎರಡು ಪಕ್ಷಗಳಿವೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಿಲ್ಲುಬಾಣಗಳಿಲ್ಲ. ಭಾಗವತರು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತಿನಿಂದ ಪಾತ್ರವನ್ನು ಕಟ್ಟುವರು. ಹಾಗಾಗಿ ಮರದ ಮರೆಯೆಂಬುದು ಇಲ್ಲಿ ಕೇವಲ ಶಬ್ದಮಾತ್ರ. ರಾಮನೂ ವಾಲಿಯೂ ಒಂದೇ ಹಾಸಿನ ಮೇಲೆ ಎದುರುಬದುರಾಗಿ ಕುಳಿತಿರುವರು. ಮರೆಯಲ್ಲಿ ನಿಂತು ಹೊಡೆದವನು ಈಗ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿ, ರಾವಣ, ಮಾಗಧ ಮೊದಲಾದ ಪ್ರತಿನಾಯಕರ ಅರ್ಥಗಾರಿಕೆಯಿಂದ ಕೀರ್ತಿಶಾಲಿಗಳಾದರು. ಶಾಸ್ತ್ರವಾಕ್ಯಕ್ಕೆ ಶಾಸ್ತ್ರವಾಕ್ಯವನ್ನೊಡ್ಡಿ, ಲೋಕನ್ಯಾಯದಿಂದ ಅದನ್ನು ಗಟ್ಟಿಮಾಡಿ, ಕಡೆಗೆ ಭಕ್ತಿಗೆ ಇಳಿಯುವ ವಾಲಿಯನ್ನು ಆ ಸಂಪ್ರದಾಯವು ಬೆಳೆಸಿದೆ. ವಾದವು ಪೂರ್ವನಿಶ್ಚಿತವಲ್ಲವಾದ್ದರಿಂದ ರಾಮನ ಪಾತ್ರಧಾರಿಯು ಸಮರ್ಥನಲ್ಲದಿದ್ದರೆ ಆ ರಾತ್ರಿ ರಾಮನೇ ನಿರುತ್ತರನಾಗುವ ಸಂಭವವುಂಟು. ಮಿಕ್ಕ ಯಾವ ರಂಗಪ್ರಕಾರದಲ್ಲಿಯೂ ಧರ್ಮವು ಇಷ್ಟು ದೊಡ್ಡ ಪಣಕ್ಕೆ ಬಿದ್ದಿಲ್ಲ.

ಕಾವ್ಯದಲ್ಲಿ ಈ ಬೆಳವಣಿಗೆಗೆ ಒಂದು ಮುಕ್ತಾಯವನ್ನು ಕಂಡವರು ಕುವೆಂಪು. ೧೯೪೯ರಲ್ಲಿ ಹೊರಬಂದ ಶ್ರೀರಾಮಾಯಣದರ್ಶನದಲ್ಲಿ ರಾಮನು ತನ್ನ ಕೃತ್ಯಕ್ಕಾಗಿ ಪರಿತಪಿಸುವನು. ಸಮರ್ಥನೆಯ ಸ್ಥಾನವನ್ನು ಪಶ್ಚಾತ್ತಾಪವು ಪಡೆದಿದೆ. ಭವಭೂತಿಯು ಮಹಾವೀರಚರಿತದಲ್ಲಿ ಮುಚ್ಚಿದ ದೋಷವನ್ನೇ ಉತ್ತರರಾಮಚರಿತದ ಐದನೆಯ ಅಂಕದಲ್ಲಿ ಲವನ ಬಾಯಿಂದ ಹೊರಗೆಡಹಿರುವನೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ತಂದೆಯೆಂದು ಅರಿಯದ ಬಾಲಕನು ಇಂದ್ರಸೂನುವಿನ ವಧೆಯಲ್ಲಿ ತೋರಿದ ಕೌಶಲವನ್ನು ವ್ಯಂಗ್ಯವಾಗಿ ಎತ್ತಿ ಆಡುವನು. ಮುಚ್ಚಿದರೂ ಮುಚ್ಚಿಹೋಗದ ಪ್ರಶ್ನೆಯಿದು.

೬

ಕೊಪ್ಪಳ ತಾಲ್ಲೂಕಿನ ಮೋರನಾಳವು ತೊಗಲುಗೊಂಬೆಯಾಟಕ್ಕೆ ಹೆಸರಾದ ಗ್ರಾಮ. ಅಲ್ಲಿಯ ಶ್ರೀಮತಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆತುದು ಈ ಕಲೆಗೆ ಸಂದ ಗೌರವ. ರಾಮಾಯಣ ಮಹಾಭಾರತಗಳ ಕಥೆಗಳನ್ನು ಇವರು ಮನೆತನದ ವಿದ್ಯೆಯಾಗಿ ಹಲವು ದಶಕಗಳಿಂದ ಆಡಿಸುತ್ತ ಬಂದಿರುವರು.

ಗೊಂಬೆಯಾಟದ ಸ್ವರೂಪದಲ್ಲಿಯೇ ವಾಲಿವಧೆಗೆ ಅನುಕೂಲವಾದ ಎರಡು ಗುಣಗಳಿವೆ. ಹದಮಾಡಿದ ತೊಗಲಿನ ಮೇಲೆ ಬಣ್ಣ ಬರೆದು ತೂತುಕೊರೆದ ಗೊಂಬೆಯ ಮುಖದಲ್ಲಿ ಭಾವವು ಬದಲಾಗಲಾರದು. ಆದ್ದರಿಂದ ಬಾಣ ತಗುಲಿದವನ ವೇದನೆಯೆಲ್ಲವೂ ಧ್ವನಿಯಲ್ಲಿ ಬರಬೇಕು. ಇದು ಒಂದು. ಆಡಿಸುವವರು ಹಲವು ಪಾತ್ರಗಳಿಗೆ ತಾವೇ ಕಂಠವನ್ನು ಕೊಡುವುದು ವಾಡಿಕೆಯಾದ್ದರಿಂದ ಆಕ್ಷೇಪವೂ ಸಮಾಧಾನವೂ ಒಂದೇ ಕೊರಳಿನಿಂದ ಹೊರಡುವುದುಂಟು. ಇದು ಎರಡನೆಯದು. ತಾಳಮದ್ದಳೆಯಲ್ಲಿ ಇಬ್ಬರ ಜಿದ್ದಿನಂತೆ ಕಾಣುವ ವಾದವು ಇಲ್ಲಿ ಒಬ್ಬನೇ ತನ್ನೊಳಗೆ ನಡೆಸುವ ಧರ್ಮವಿಚಾರದಂತೆ ಕೇಳಿಸುವುದು. ರಾಮನ ಗೊಂಬೆಯೂ ವಾಲಿಯ ಗೊಂಬೆಯೂ ಒಂದೇ ದೀಪದ ಬೆಳಕಿನಲ್ಲಿ, ಒಂದೇ ಪರದೆಯ ಮೇಲೆ ನಿಲ್ಲುವುವು. ಮರೆಯೆಂಬುದು ಯಾರಿಗೂ ಇಲ್ಲ.

೭

ಇನ್ನು ಚಲಚ್ಚಿತ್ರದ ಮಾತು. ಕನ್ನಡದ ವಾಕ್ಚಿತ್ರವು ೧೯೩೪ರಲ್ಲಿ ಸತಿಸುಲೋಚನದಿಂದ ಆರಂಭವಾಯಿತು. ವೈ. ವಿ. ರಾವ್ ಅವರು ನಿರ್ದೇಶಿಸಿದ ಆ ಚಿತ್ರದ ವಸ್ತುವು ಇಂದ್ರಜಿತುವಿನ ಮರಣವೂ ಅವನ ಪತ್ನಿಯ ಶೋಕವೂ ಆಗಿತ್ತು. ರಾಮಕಥೆಯನ್ನು ಹತರಾದವರ ಕಡೆಯಿಂದ ಕೇಳುವ ಅಭ್ಯಾಸವು ಕನ್ನಡದ ತೆರೆಗೆ ಮೊದಲಿನಿಂದಲೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ವಾಲಿವಧೆಯನ್ನು ಅತ್ಯಧಿಕ ಜನರು ಕಂಡುದು ೧೯೮೭–೮೮ರಲ್ಲಿ ದೂರದರ್ಶನದಲ್ಲಿ ವಾರವಾರವೂ ಪ್ರಸಾರವಾದ ರಾಮಾನಂದ ಸಾಗರರ ಹಿಂದಿ ರಾಮಾಯಣದಲ್ಲಿ. ಇದರಲ್ಲಿ ಶ್ಯಾಮಸುಂದರ ಕಲಾನಿಯವರು ಸುಗ್ರೀವನ ಪಾತ್ರವನ್ನೂ ವಾಲಿಯ ಪಾತ್ರವನ್ನೂ ತಾವೊಬ್ಬರೇ ವಹಿಸಿದರು. ಅಣ್ಣತಮ್ಮಂದಿರು ಗುರುತಿಸಲಾಗದಷ್ಟು ಹೋಲುತ್ತಿದ್ದರೆಂಬ ಆದಿಕವಿಯ ಮಾತನ್ನು ಇಷ್ಟು ಸಾಕ್ಷಾತ್ತಾಗಿ ತೋರಿಸುವುದು ರಂಗದ ಮೇಲೆ ಸಾಧ್ಯವಿಲ್ಲ. ಇದು ಚಿತ್ರಗ್ರಹಣಯಂತ್ರದ ಭಾಗ್ಯ. ಭಾಸನು ಬಿಟ್ಟ ಮಾಲೆಯು ಹೀಗೆ ತೆರೆಯ ಮೇಲೆ ಮತ್ತೆ ಅರ್ಥವನ್ನು ಪಡೆಯಿತು. ವಾರವಾರವೂ ಕಂತಾಗಿ ಬರುವ ಕಥನಕ್ಕೆ ಸಮಯದ ಬಡತನವಿರಲಿಲ್ಲವಾದ್ದರಿಂದ ವಾಲಿಯ ಪ್ರಶ್ನೆಗೂ ರಾಮನ ಉತ್ತರಕ್ಕೂ ಅಲ್ಲಿ ಎಡೆ ದೊರೆಯಿತು. ವಾಲಿಯ ವೇಷವೂ ವಿಚಾರಾರ್ಹವಾದುದು. ಬಾಯಿಯ ಭಾಗವು ಕಪಿಯದು. ಕಿರೀಟ, ಆಭರಣ, ಮಾತುಗಳು ಅರಸನವು. ಮೃಗವೆ, ಧರ್ಮಜ್ಞನೆ ಎಂಬ ಸಂಶಯವು ವೇಷದಲ್ಲಿಯೇ ಉಳಿದಿದೆ.

೨೦೨೩ರಲ್ಲಿ ಬಿಡುಗಡೆಯಾದ ಓಂ ರಾವುತರ ಆದಿಪುರುಷವು ಈ ಸಂಶಯವನ್ನು ಇನ್ನೊಂದು ಬಗೆಯಲ್ಲಿ ಮುಗಿಸಿತು. ಅದರ ವಾನರವೀರರು ಗಣಕಯಂತ್ರದ ಸಹಾಯದಿಂದ ರಚಿತರಾದ ಮಹಾಕಪಿಗಳು. ದೇಹ, ರೋಮ, ನಡಿಗೆ ಎಲ್ಲವೂ ಮೃಗದವೇ. ಇದರ ಪರಿಣಾಮವೇನೆಂದರೆ, ರಾಮನ ಮೂರನೆಯ ಯುಕ್ತಿಯು ಅವನು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕನ ಕಣ್ಣಿನಿಂದ ಒಪ್ಪಿತವಾಗಿಬಿಡುವುದು. ಭಾಸನ ವಾಲಿಗೆ ಸಂಸ್ಕೃತವು ಯಾವ ಗೌರವವನ್ನು ತಂದುಕೊಟ್ಟಿತೋ ಅದನ್ನು ಈ ರೂಪವು ಕಸಿದುಕೊಂಡಿತು. ವೇಷವು ಕೇವಲ ಅಲಂಕಾರವಲ್ಲ, ಅದೂ ಒಂದು ಪ್ರಮಾಣವೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಚಲಚ್ಚಿತ್ರವು ದೃಶ್ಯಪ್ರಧಾನವಾದುದು, ಅದರಿಂದ ವಾದವನ್ನು ಅಪೇಕ್ಷಿಸುವುದು ಗಾಣದಿಂದ ಹಾಲನ್ನು ಬಯಸಿದಂತಲ್ಲವೆ ಎಂದು. ಹಾಗಲ್ಲ. ದೂರದರ್ಶನದ ರಾಮಾಯಣವೂ ತೆರೆಯ ಮೇಲಿನದೇ. ಆದ್ದರಿಂದ ಕೊರತೆಯು ಮಾಧ್ಯಮದ್ದಲ್ಲ, ವಿನಿಯೋಗದ್ದು. ಅಲ್ಲದೆ ಚಿತ್ರಗ್ರಹಣಯಂತ್ರಕ್ಕೆ ಎಲ್ಲಿಯಾದರೂ ನಿಲ್ಲಲೇಬೇಕಾದ ನಿರ್ಬಂಧವುಂಟು. ಅದು ಮರದ ಹಿಂದೆ ರಾಮನ ಪಕ್ಕದಲ್ಲಿ ನಿಂತರೆ ಪ್ರೇಕ್ಷಕನೂ ಮರೆಯಲ್ಲಿ ನಿಂತವನಾಗುವನು. ನೆಲಕ್ಕೊರಗಿದ ವಾಲಿಯ ಪಕ್ಕದಲ್ಲಿ ನಿಂತರೆ ಬಾಣವು ಎತ್ತಣಿಂದ ಬಂದಿತೆಂದು ಅವನೊಡನೆ ತಾನೂ ಹುಡುಕುವನು. ಇಂತಹ ಶಕ್ತಿಯು ರಂಗಕ್ಕಿಲ್ಲ. ಆ ಶಕ್ತಿಯನ್ನು ಯುದ್ಧದ ಆಡಂಬರಕ್ಕೆ ವ್ಯಯಿಸದೆ ಬಾಣಾನಂತರದ ಅವಧಿಗೆ ಮೀಸಲಿಟ್ಟರೆ ಚಲಚ್ಚಿತ್ರವು ಕೂಡಿಯಾಟದ ಉಸಿರಿಗೂ ತಾಳಮದ್ದಳೆಯ ಮಾತಿಗೂ ಸಮಾನವಾದುದನ್ನು ಸಾಧಿಸಬಲ್ಲದು.

೮

ಇದುವರೆಗಿನ ವಿವೇಚನೆಯಿಂದ ಹೊರಡುವ ಸಿದ್ಧಾಂತವಿಷ್ಟು. ವಾಲಿವಧೆಯನ್ನು ಬಿಟ್ಟವರಿಂದ ರಾಮನ ಕೀರ್ತಿಯು ಉಳಿಯಿತು. ತಿರುಗಿಸಿದವರಿಂದ ವೀರರಸವು ಉಳಿಯಿತು. ಎದುರಿಸಿದವರಿಂದ ಧರ್ಮಜಿಜ್ಞಾಸೆಯು ಉಳಿಯಿತು. ಕೂಡಿಯಾಟ, ತಾಳಮದ್ದಳೆ, ತೊಗಲುಗೊಂಬೆಯಾಟಗಳು ಪರಸ್ಪರ ಎಷ್ಟೇ ದೂರವಾಗಿದ್ದರೂ ಸೋತವನು ಮಾತನಾಡಿ ಮುಗಿಸುವವರೆಗೆ ಗೆದ್ದವನು ಕದಲಕೂಡದೆಂಬ ಒಂದು ನಿಯಮದಲ್ಲಿ ಅವು ಏಕವಾಗಿವೆ. ರಾಮನು ಮರ್ಯಾದಾಪುರುಷೋತ್ತಮನೆನಿಸಿಕೊಂಡುದು ಮರೆಯಿಂದ ಹೊಡೆದುದರಿಂದಲ್ಲ. ಹೊಡೆದ ಮೇಲೆ ಹೊರಗೆ ಬಂದು, ಬಿದ್ದವನ ಮುಂದೆ ನಿಂತು, ಅವನ ಬಿರುನುಡಿಗಳನ್ನು ಕಡೆಯವರೆಗೆ ಕೇಳಿ ಉತ್ತರ ಹೇಳಿದುದರಿಂದ.

ಅಭಿಷೇಕನಾಟಕದ ಮೊದಲನೆಯ ಅಂಕವನ್ನಾಗಲಿ ಕಿಷ್ಕಿಂಧಾಕಾಂಡದ ಹದಿನೇಳನೆಯ ಸರ್ಗವನ್ನಾಗಲಿ ಪಾಠಹೇಳುವ ಅಧ್ಯಾಪಕರು ವಾಲಿಯ ಪ್ರಶ್ನೆಯನ್ನು ಓದಿದ ಕೂಡಲೆ ರಾಮನ ಉತ್ತರಕ್ಕೆ ಧಾವಿಸದೆ, ನಡುವೆ ವಿದ್ಯಾರ್ಥಿಗಳಿಗೆ ಒಂದಿಷ್ಟು ಹೊತ್ತನ್ನು ಕೊಡುವುದು ಯುಕ್ತ. ಪ್ರಯೋಗದಲ್ಲಿ ಆ ಹೊತ್ತೇ ನಾಟಕ. ತುಂಗಭದ್ರೆಯ ದಡದವರು ವಾಲಿಯ ಬೂದಿಯನ್ನು ದಿಬ್ಬವಾಗಿ ಉಳಿಸಿಕೊಂಡಿರುವುದರ ಅರ್ಥವೂ ಇದಕ್ಕಿಂತ ಬೇರೆಯಲ್ಲ.